ಬೀಗ ತೆರೆಯುವ ವಿದ್ಯೆ

ಬೀಗ ಮಾಡಬಲ್ಲವನಿಗೆ ಬೀಗ ತೆರೆಯುವುದೂ ತಿಳಿದಿರುತ್ತದೆ. ಮನೆಯೊಡೆಯನು ಕರೆದಾಗ ಬಂದು ತೆರೆದರೆ ಅದು ಕಸುಬು. ಕರೆಯದೆ ನಡುರಾತ್ರಿಯಲ್ಲಿ ಬಂದು ತೆರೆದರೆ ಅದು ಕಳವು. ಕೈಚಳಕ ಮಾತ್ರ ಒಂದೇ. ಗಣಕಯಂತ್ರದ ಲೋಕದಲ್ಲಿ ‘ಹ್ಯಾಕಿಂಗ್’ ಎಂದು ಹೆಸರಾದ ವಿದ್ಯೆಯೂ ಇಂಥದೇ.

ಇದರ ಎರಡು ಮುಖಗಳೂ ಒಬ್ಬನೇ ತರುಣನ ಬಾಳಿನಲ್ಲಿ ತೋರಿದ ಪ್ರಸಂಗವೊಂದನ್ನು ಓದುಗರ ಮುಂದಿಡಬಯಸುತ್ತೇವೆ. 2017ರ ಮೇ 12ರಂದು ‘ವಾನಾಕ್ರೈ’ ಎಂಬ ದುಷ್ಟ ತಂತ್ರಾಂಶವು ಜಗತ್ತಿನ ಅನೇಕ ದೇಶಗಳಿಗೆ ಹರಡಿತು. ತಾನು ಹೊಕ್ಕ ಯಂತ್ರದ ಕಡತಗಳನ್ನು ಗೂಢಲಿಪಿಗೆ ತಿರುಗಿಸಿ, ಬಿಡಿಸಲು ಹಣ ಕೇಳುವುದು ಅದರ ಕ್ರಮ. ಬ್ರಿಟನ್ನಿನ ಸರಕಾರಿ ಆಸ್ಪತ್ರೆಗಳಲ್ಲಿ ರೋಗಿಗಳ ದಾಖಲೆಗಳು ತೆರೆಯದಾದವು. ಶಸ್ತ್ರಚಿಕಿತ್ಸೆಗಳು ಮುಂದೆ ಹೋದವು. ಆಗ 22 ವರ್ಷದ ಮಾರ್ಕಸ್ ಹಚಿನ್ಸ್ ಎಂಬಾತನು ಇಂಗ್ಲೆಂಡಿನ ಡೆವನ್ ಪ್ರಾಂತದಲ್ಲಿ ಕುಳಿತು ಆ ತಂತ್ರಾಂಶವನ್ನು ಪರೀಕ್ಷಿಸಿದನು. ಯಾರೂ ನೋಂದಾಯಿಸದ ಜಾಲವಿಳಾಸವೊಂದನ್ನು ಅದು ಹುಡುಕುತ್ತಿರುವುದು ಕಂಡಿತು. ಆತನು ಸುಮಾರು 11 ಡಾಲರು ತೆತ್ತು ಅದನ್ನು ನೋಂದಾಯಿಸಿದನು. ಆ ವಿಳಾಸದಿಂದ ಉತ್ತರ ದೊರೆತೊಡನೆ ಹಾವಳಿ ಹರಡುವುದು ನಿಂತಿತು. ಹಾಗಾಗುವುದೆಂದು ಆತನಿಗೂ ಮೊದಲು ತಿಳಿದಿರಲಿಲ್ಲ.

ಅದೇ ವರ್ಷ ಆಗಸ್ಟಿನಲ್ಲಿ ಅಮೆರಿಕದಲ್ಲಿ ಆತನ ಬಂಧನವಾಯಿತು. ಬ್ಯಾಂಕು ಗ್ರಾಹಕರ ಗುಪ್ತಪದಗಳನ್ನು ಕದಿಯುವ ‘ಕ್ರೋನೋಸ್’ ತಂತ್ರಾಂಶದ ರಚನೆಯಲ್ಲಿ ಹಿಂದೆ ಆತನ ಕೈಯಿತ್ತು. 2019ರಲ್ಲಿ ತಪ್ಪನ್ನು ಒಪ್ಪಿಕೊಂಡನು. ನ್ಯಾಯಾಧೀಶರು ಆತನ ನಂತರದ ಸತ್ಕಾರ್ಯವನ್ನೂ ಪರಿಗಣಿಸಿ, ಮತ್ತೆ ಸೆರೆಗೆ ಕಳುಹಿಸದೆ, ಒಂದು ವರ್ಷದ ಮೇಲ್ವಿಚಾರಣೆಯನ್ನಷ್ಟೇ ವಿಧಿಸಿದರು. ಉಪಕಾರವು ಶಿಕ್ಷೆಯನ್ನು ಹಗುರಗೊಳಿಸಿತು, ಅಪರಾಧವನ್ನು ಅಳಿಸಲಿಲ್ಲ.

ಇಂದು ಈ ವಿದ್ಯೆಗೆ ಗೌರವದ ದುಡಿಮೆಯೂ ಉಂಟು. 2016ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯು ತನ್ನ ಕೆಲವು ಜಾಲತಾಣಗಳ ದೋಷ ಹುಡುಕಲು ತಾನೇ ಆಹ್ವಾನವಿತ್ತಿತು. 1,400ಕ್ಕೂ ಹೆಚ್ಚು ಮಂದಿ ಹೆಸರು ಕೊಟ್ಟರು. 138 ದೋಷಗಳು ನಿಜವೆಂದು ಸಿದ್ಧವಾಗಿ, ಕಂಡುಹಿಡಿದವರಿಗೆ ಬಹುಮಾನ ಸಂದಿತು. ಈ ವೃತ್ತಿಯವರ ನಿಯಮಗಳು ಸರಳ: ಮೊದಲು ಒಡೆಯನ ಲಿಖಿತ ಒಪ್ಪಿಗೆ ಪಡೆಯಬೇಕು, ಒಪ್ಪಿದ ಎಲ್ಲೆಯನ್ನು ಮೀರಬಾರದು, ಕಂಡ ಗುಟ್ಟನ್ನು ಇಟ್ಟುಕೊಳ್ಳಬಾರದು, ದೋಷವನ್ನು ಒಡೆಯನಿಗೇ ಮೊದಲು ತಿಳಿಸಿ, ಸರಿಪಡಿಸಲು ಕಾಲಾವಕಾಶ ನೀಡಬೇಕು.

“ನಾನೇನೂ ಕದಿಯಲಿಲ್ಲ, ಸುಮ್ಮನೆ ನೋಡಿದೆ” ಎಂಬ ಸಮಾಧಾನ ಸಾಲದು. ನಮ್ಮ ದೇಶದ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 43ನೆಯ ಕಲಮು ಅನುಮತಿಯಿಲ್ಲದ ಪ್ರವೇಶವನ್ನೇ ತಪ್ಪೆನ್ನುತ್ತದೆ. ಅದರಲ್ಲಿ ವಂಚನೆ ಬೆರೆತರೆ 66ನೆಯ ಕಲಮಿನಂತೆ ಮೂರು ವರ್ಷದವರೆಗೆ ಸೆರೆ, ಅಥವಾ 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಒದಗಬಹುದು.

ಮನೆಯಲ್ಲಿ ಇಂಥ ಚುರುಕು ಬುದ್ಧಿಯ ಮಕ್ಕಳಿದ್ದರೆ ಹಿರಿಯರು ಅಂಜಬೇಕಿಲ್ಲ. ಕಣ್ಣುಮುಚ್ಚಿ ಹೊಗಳುವುದೂ ತರವಲ್ಲ. ಗೆಳೆಯನ ಗುಪ್ತಪದವನ್ನು ತಿಳಿದೆನೆಂದು ಮಗ ಹಿಗ್ಗಿದಾಗ “ಅವನನ್ನು ಕೇಳಿದೆಯಾ?” ಎಂದು ವಿಚಾರಿಸಿದರೆ ಸಾಕು. ಆ ಪ್ರಶ್ನೆಯನ್ನು ಚಿಕ್ಕಂದಿನಲ್ಲೇ ಕೇಳಿ ಬೆಳೆದವನ ಕೈಯಲ್ಲಿ ಈ ವಿದ್ಯೆಯು ನಾಲ್ವರ ಮನೆಯನ್ನು ಕಾಯುವುದೆಂದು ನಾವು ನಂಬುತ್ತೇವೆ.