ನಿಮಗಿದು ಗೊತ್ತೆ? ಮರಳಿಗೂ ನೀರು ಹಿಡಿದಿಡುವ ಗುಣ ಬರುತ್ತದೆ!

ಕರಾವಳಿಯಲ್ಲಿ ಮಳೆಗಾಲವಿಡೀ ಮಳೆ ಸುರಿದರೂ ಬೇಸಿಗೆಗೆ ಮರಳು ನೆಲದ ತೆಂಗು ಬಾಡುತ್ತದೆ. ಮರಳಿನ ಕಣಗಳು ದಪ್ಪ, ನಡುವಿನ ಸಂದುಗಳೂ ದೊಡ್ಡವು. ನೀರು ನಿಲ್ಲದೆ ಕೆಳಕ್ಕಿಳಿಯುತ್ತದೆ, ಜೊತೆಗೆ ಹಾಕಿದ ಗೊಬ್ಬರದ ಸಾರವೂ ಹೋಗುತ್ತದೆ.

ಇದಕ್ಕೆ ಮದ್ದು ತೋಟದಲ್ಲೇ ಇದೆ. ಅದು ನಾವು ಸುಟ್ಟುಬಿಡುವ ತೆಂಗಿನ ಸಿಪ್ಪೆ! ಸಿಪ್ಪೆಯ ನಾರಿನ ನಡುವಿನ ಪುಡಿ ತನ್ನ ತೂಕದ ಹಲವು ಪಟ್ಟು ನೀರು ಹೀರಿಕೊಂಡು ಬೇರಿಗೆ ನಿಧಾನವಾಗಿ ಬಿಟ್ಟುಕೊಡುತ್ತದೆ. ಮಳೆಗಾಲದ ಆರಂಭದಲ್ಲಿ ಮರಗಳ ಸಾಲುಗಳ ನಡುವೆ ಕಂದಕ ತೋಡಿ, ಸಿಪ್ಪೆಯ ಒಳಮೈ ಮೇಲಾಗುವಂತೆ ಪದರಪದರವಾಗಿ ಜೋಡಿಸಿ ಮಣ್ಣು ಮುಚ್ಚಬೇಕು. ಒಮ್ಮೆ ಹೂತರೆ 5ರಿಂದ 7 ವರ್ಷ ಫಲ ಸಿಗುತ್ತದೆ. ಪೊಟ್ಯಾಷ್ ಅಂಶವೂ ಮಣ್ಣಿಗೆ ಸೇರುತ್ತದೆ. ತೆಂಗಿನ ಸಂಶೋಧನೆ 1916ರಲ್ಲೇ ಆರಂಭವಾದ ಕಾಸರಗೋಡಿನ ವಿಜ್ಞಾನಿಗಳೂ ಈ ಪದ್ಧತಿಯನ್ನು ಶಿಫಾರಸು ಮಾಡುತ್ತಾರೆ.

ಹಟ್ಟಿಗೊಬ್ಬರ, ಸೊಪ್ಪು, ತರಗೆಲೆಗಳೂ ಒಳ್ಳೆಯವೇ. ಆದರೆ ಬಿಸಿಲು ನಾಡಿನಲ್ಲಿ ಬೇಗ ಕರಗುವುದರಿಂದ ವರ್ಷವರ್ಷವೂ ಹಾಕಬೇಕು. ನಾರಿನ ಪುಡಿಯನ್ನು ಮಾತ್ರ ಹಾಗೆಯೇ ಸುರಿಯಬೇಡಿ. ಕೊಳೆಯುವಾಗ ಅದು ಮಣ್ಣಿನ ಸಾರಜನಕವನ್ನು ಎಳೆದುಕೊಳ್ಳುವುದರಿಂದ ಗಿಡಗಳು ಹಳದಿಯಾಗುತ್ತವೆ. ಮೊದಲು ಕಾಂಪೋಸ್ಟ್ ಮಾಡಿ, ಆಮೇಲೆ ಬುಡಕ್ಕೆ ಹಾಕಿ.