ಹಿಂಜರಿತದ ಕಾಲದ ಪ್ರಶ್ನೋತ್ತರ

ಬ್ರಿಟನ್ನಿನ ಕಾಮನ್ಸ್ ಸಭೆ ಸೇರಿರುವ ವಾರಗಳಲ್ಲಿ, ಬುಧವಾರ ಮಧ್ಯಾಹ್ನ 12ಕ್ಕೆ ಪ್ರಧಾನಿಗಳು ಸದಸ್ಯರ ಪ್ರಶ್ನೆಗಳಿಗೆ ಉತ್ತರಿಸುವುದು ವಾಡಿಕೆ. ವಿರೋಧ ಪಕ್ಷದ ನಾಯಕರಿಗೆ ಆರು ಪ್ರಶ್ನೆಗಳ ಅವಕಾಶವುಂಟು. 2008ರ ಅಕ್ಟೋಬರಿನಲ್ಲಿ ಸರ್ಕಾರವು ಸಂಕಟಕ್ಕೊಳಗಾದ ಬ್ಯಾಂಕುಗಳಿಗೆ 37 ಶತಕೋಟಿ ಪೌಂಡುಗಳ ಬಂಡವಾಳ ಘೋಷಿಸಿತು. ಡಿಸೆಂಬರ್ 10ರಂದು ಅದನ್ನು ಸಮರ್ಥಿಸುತ್ತಿದ್ದ ಪ್ರಧಾನಿ ಗಾರ್ಡನ್ ಬ್ರೌನ್, ‘ಬ್ಯಾಂಕುಗಳನ್ನು’ ಎನ್ನುವ ಬದಲು ‘ಜಗತ್ತನ್ನು’ ಉಳಿಸಿದೆವೆಂದು ಬಾಯಿತಪ್ಪಿ ನುಡಿದರು. ಸಭೆ ನಗೆಗಡಲಾಯಿತು, ಆದರೆ ಪ್ರಶ್ನೆಗಳು ನಿಲ್ಲಲಿಲ್ಲ.

ರೋಗ ಉಲ್ಬಣಿಸಿದಾಗ ವೈದ್ಯರಾದ ನಾವು ರೋಗಿಯ ಮನೆಯವರ ಪ್ರಶ್ನೆಗಳಿಗೆ ಬೆನ್ನು ತೋರುವಂತಿಲ್ಲ. ಆಳುವವರಿಗೂ ಅದೇ ಧರ್ಮ. ಉತ್ತರದಿಂದ ಕಳೆದುಹೋದ ನೌಕರಿ ಮರಳದು. ಆದರೆ ಆಡಿದ ಮಾತು ಸಭೆಯ ದಾಖಲೆಯಲ್ಲಿ ಉಳಿಯುತ್ತದೆ. ನಾಳೆ ಅದರ ಲೆಕ್ಕ ಕೇಳಬಹುದು. ಈ ನಾಡಿನಲ್ಲಿ ನೆಲೆಸಿರುವ ನಾವೂ ನಮ್ಮ ಕ್ಷೇತ್ರದ ಸದಸ್ಯರಿಗೆ ಪತ್ರ ಬರೆಯೋಣ. ನಮ್ಮ ಮನೆಯ ಪ್ರಶ್ನೆಯೂ ಅಲ್ಲಿ ಕೇಳಿಬರಲಿ.