ನಗಿಸಿ ನಮ್ಮನ್ನೇ ತೋರಿಸುವ ಕಾದಂಬರಿಗಳು



ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ಓಡಿಸಲು ಹೋದವನ ಗಾದೆ ನಮಗೆಲ್ಲ ಗೊತ್ತು. ತನ್ನ ಕಣ್ಣಿನ ತೊಲೆಯನ್ನು ಬಿಟ್ಟು ಸಹೋದರನ ಕಣ್ಣಿನ ರವೆಯನ್ನು ಹುಡುಕುವವನ ಮಾತನ್ನು ಶುಭಸಂದೇಶದಲ್ಲೂ ಕೇಳಿದ್ದೇವೆ. ಒಳ್ಳೆಯ ವಿಡಂಬನಾ ಕಾದಂಬರಿ ಮೊದಲು ಪಕ್ಕದ ಎಲೆಯ ನೊಣವನ್ನು ತೋರಿಸಿ ನಮ್ಮನ್ನು ನಗಿಸುತ್ತದೆ. ನಕ್ಕು ಮುಗಿಯುವಷ್ಟರಲ್ಲಿ ನಮ್ಮ ಎಲೆಯ ಕಡೆಗೆ ಬೆರಳು ತಿರುಗಿಸುತ್ತದೆ. ಈಚೆಗೆ ಓದಿದ ನಾಲ್ಕು ಕಾದಂಬರಿಗಳನ್ನು ಈ ಒಂದೇ ಒರೆಗೆ ಹಚ್ಚಿ ನೋಡಿ, ನಮಗೆ ಅನಿಸಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಗಡಿಯ ಮನೆಗಳಲ್ಲಿ ಓದು

ಶಿರೂರ ಅನಂತಪಾಳ, ನಿಲಂಗಾ, ಉದಗೀರ, ಉಮರ್ಗಾ ಕಡೆಯ ಕನ್ನಡ ಮನೆಗಳ ಸ್ಥಿತಿ ವಿಚಿತ್ರವಾದದ್ದು. ನಿಲಂಗಾ ಮತ್ತು ಉದಗೀರ ತಾಲ್ಲೂಕುಗಳು 1956ರವರೆಗೆ ಬೀದರ ಜಿಲ್ಲೆಗೇ ಸೇರಿದ್ದವು. ರಾಜ್ಯಗಳ ಮರುವಿಂಗಡಣೆಯಲ್ಲಿ ಅವು ಆಚೆಗೆ ಹೋದವು. ಅಡುಗೆಮನೆಯಲ್ಲಿ ಕನ್ನಡ ಉಳಿಯಿತು, ಶಾಲೆ ಮರಾಠಿಯಾಯಿತು. ಮಕ್ಕಳಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಇದರಲ್ಲಿ ಮರಾಠಿಯ ತಪ್ಪೇನೂ ಇಲ್ಲ. 2022ರ ಏಪ್ರಿಲ್‌ನಲ್ಲಿ 95ನೆಯ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನ ಉದಗೀರದಲ್ಲೇ ನಡೆಯಿತು. ಅಂಥ ಓದಿನ ನೆಲ ಇದು. ಆದರೆ ಅಜ್ಜಿಯ ಭಾಷೆಯ ಪುಸ್ತಕ ಮೊಮ್ಮಗನಿಗೆ ಬೀಗ ಹಾಕಿದ ಪೆಟ್ಟಿಗೆಯಂತಾದರೆ ಅದು ಮನೆಗೇ ನಷ್ಟ. ನಗು ಬೇರೆ ಭಾಷೆಗೆ ದಾಟುವಾಗ ಅರ್ಧ ಸೋರಿಹೋಗುತ್ತದೆ. ಆದ್ದರಿಂದ ವಿಡಂಬನೆಯ ಪುಸ್ತಕಗಳಲ್ಲಿ ಈ ನಷ್ಟ ಇನ್ನೂ ದೊಡ್ಡದು.

ಕಚೇರಿ ಬಾಗಿಲಲ್ಲಿ ಧರ್ಮಯುದ್ಧ

ಮೊದಲನೆಯದು ಶ್ರೀಲಾಲ ಶುಕ್ಲ ಅವರ ಹಿಂದಿ ಕಾದಂಬರಿ ‘ರಾಗ ದರಬಾರಿ’. 1968ರಲ್ಲಿ ಬಂದು, ಮರುವರ್ಷವೇ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು. ವಯಸ್ಸಿನಲ್ಲಿ ಹಳೆಯದು, ಸಂಗತಿಯಲ್ಲಿ ಇಂದಿನದು. ಶಿವಪಾಲಗಂಜ್ ಎಂಬ ಹಳ್ಳಿಯಲ್ಲಿ ಕಾಲೇಜು, ಸಹಕಾರ ಸಂಘ, ಪಂಚಾಯಿತಿ ಎಲ್ಲವೂ ವೈದ್ಯಜೀ ಎಂಬ ಒಬ್ಬ ದೊಡ್ಡ ಮನುಷ್ಯನ ಮುಷ್ಟಿಯಲ್ಲಿವೆ. ಆರೋಗ್ಯ ಸುಧಾರಿಸಿಕೊಳ್ಳಲು ಅಲ್ಲಿಗೆ ಬರುವ ಸಂಶೋಧನ ವಿದ್ಯಾರ್ಥಿ ರಂಗನಾಥನ ಕಣ್ಣಿನಿಂದ ನಾವು ಊರನ್ನು ನೋಡುತ್ತೇವೆ.

ಅದರಲ್ಲಿ ಲಂಗಡ ಎಂಬ ಕುಂಟನೊಬ್ಬನಿದ್ದಾನೆ. ಅವನಿಗೆ ತಹಶೀಲ ಕಚೇರಿಯಿಂದ ಒಂದು ದಾಖಲೆಯ ನಕಲು ಬೇಕು. ಲಂಚ ಕೊಡುವುದಿಲ್ಲವೆಂದು ಅವನ ಪಣ, ನಿಯಮದ ಪ್ರಕಾರವೇ ಕೊಡುತ್ತೇನೆಂದು ಗುಮಾಸ್ತನ ಪಣ. ನಿಯಮ ಪಾಲಿಸುತ್ತಾ ಪಾಲಿಸುತ್ತಾ ಆ ಕಾಗದ ಕೊನೆಗೂ ಅವನ ಕೈಸೇರುವುದಿಲ್ಲ. ಸಾತಬಾರಾ ಉತಾರೆಗಾಗಿ ಅಲೆದವರು, ಗಡಿಯ ಈಚೆ ಪಹಣಿಗಾಗಿ ಸಾಲಿನಲ್ಲಿ ನಿಂತವರು ಈ ಪುಟಗಳನ್ನು ನಗದೆ ಓದಲಾರರು. ಆದರೆ ನಗುವ ರಂಗನಾಥ ಏನು ಮಾಡುತ್ತಾನೆ? ಎಲ್ಲವನ್ನೂ ಕಾಣುತ್ತಾನೆ, ಏನೂ ಮಾಡುವುದಿಲ್ಲ. ಓದಿದವರಾದ ನಮಗೆ ಅಲ್ಲೇ ಪೆಟ್ಟು ಬೀಳುತ್ತದೆ. ಒಂದು ಕೊರತೆಯನ್ನೂ ಹೇಳಬೇಕು: ಇಷ್ಟು ದೊಡ್ಡ ಪುಸ್ತಕದಲ್ಲಿ ಹೆಣ್ಣುಮಕ್ಕಳ ದನಿ ಬಹುತೇಕ ಇಲ್ಲ.

ಹೊಗೆ ಕಂಡರೂ ಏಳದ ಊರು

ಎರಡನೆಯದು ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’. 1985ರ ಈ ಕಾದಂಬರಿಗೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮಲೆನಾಡಿನ ಕೆಸರೂರು ಎಂಬ ಊರಿನಲ್ಲಿ ಏಲಕ್ಕಿ ಬೆಳೆ ಹಾಳಾಗುತ್ತಿದೆ. ಏಲಕ್ಕಿ ಸಂಶೋಧನೆಗೆ ಸಂಬಂಧಿಸಿದ ವಿಜ್ಞಾನಿಯೊಬ್ಬರ ಸಾವಿನ ರಹಸ್ಯ ಭೇದಿಸಲು ಅಂಗಡಿ ಎಂಬ ಪತ್ತೇದಾರ ಬರುತ್ತಾನೆ. ಕ್ರಾಂತಿಯ ಮಾತಾಡುವ ಹುಡುಗರು, ಜಾತಿ ಮತಗಳ ಗುಸುಗುಸು, ಕಳ್ಳ ವ್ಯವಹಾರ, ರಫಿ ಮತ್ತು ಜಯಂತಿ ಎಂಬ ಎಳೆಯರ ಪ್ರೀತಿ ಎಲ್ಲವೂ ಒಟ್ಟಿಗೆ ಕುದಿಯುತ್ತಿರುತ್ತವೆ. ಪ್ರತಿಯೊಬ್ಬನೂ ತಪ್ಪನ್ನು ಇನ್ನೊಬ್ಬನ ತಲೆಗೆ ಕಟ್ಟುವುದರಲ್ಲಿ ಮಗ್ನ. ಬೆಂಕಿ ಊರನ್ನೇ ಸುತ್ತುವರಿಯುವ ಹೊತ್ತಿಗೆ ತಡವಾಗಿರುತ್ತದೆ.

ಎಳೆಗಳು ಹೆಚ್ಚಾದ್ದರಿಂದ ನಡುವೆ ಸ್ವಲ್ಪ ಗೊಂದಲವಾಗುವುದುಂಟು. ಆದರೂ ನಾಲ್ಕರಲ್ಲಿ ನಮಗೆ ಅತಿ ಹೆಚ್ಚು ನಗು ತಂದದ್ದೂ, ಕೊನೆಗೆ ಅತಿ ಹೆಚ್ಚು ಹೆದರಿಸಿದ್ದೂ ಇದೇ. ಗಾಳಿಸುದ್ದಿಗೆ ಕಿವಿಗೊಟ್ಟು ನೆರೆಯವರ ಮೇಲೆ ಸಂಶಯಪಡುವ ಯಾವ ಊರೂ ಕೆಸರೂರೇ.

ಇರುವೆಯಿಂದ ಮಸಾಲೆಯವರೆಗೆ

ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ಚಿಕ್ಕ ಪುಸ್ತಕ, ಒಂದೇ ಬೈಠಕಿಗೆ ಮುಗಿಯುತ್ತದೆ. ಇರುವೆ ಮುತ್ತಿದ ಇಕ್ಕಟ್ಟಾದ ಮನೆಯಲ್ಲಿದ್ದ ಕೂಡುಕುಟುಂಬವೊಂದು ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ದಿಢೀರನೆ ಶ್ರೀಮಂತವಾಗುತ್ತದೆ. ದುಡಿಯುವವನು ಚಿಕ್ಕಪ್ಪನೊಬ್ಬನೇ. ಕಥೆ ಹೇಳುವ ಯುವಕನಿಗೆ ಹೆಸರಿಗೊಂದು ಹುದ್ದೆ, ತಿಂಗಳಿಗೊಂದು ಸಂಬಳ. ಕೆಲಸ ಮಾತ್ರ ಇಲ್ಲ. ಚಿಕ್ಕಪ್ಪನನ್ನು ಹುಡುಕಿಕೊಂಡು ಬಾಗಿಲಿಗೆ ಬಂದ ಹೆಂಗಸೊಬ್ಬಳನ್ನು ಮನೆಯವರು ಬೈದು ಓಡಿಸುವ ಭಾಗವಿದೆ. ಅದನ್ನು ಓದುವಾಗ ನಗು ಗಂಟಲಲ್ಲೇ ನಿಲ್ಲುತ್ತದೆ. ಇದು ಅನ್ಯಾಯವೆಂದು ಎದುರು ಮಾತಾಡುವವಳು ಹೊಸದಾಗಿ ಬಂದ ಸೊಸೆ ಅನಿತಾ ಒಬ್ಬಳೇ. ಅನ್ನ ಕೊಡುವವನ ತಪ್ಪಿಗೆ ಮನೆಯವರೆಲ್ಲ ಕಣ್ಣು ಮುಚ್ಚುವುದನ್ನು ಕುಟುಂಬಪ್ರೇಮ ಎನ್ನಬಹುದೇ? ಈ ಪ್ರಶ್ನೆ ಪ್ರತಿ ಮನೆಯದು. ಕೊನೆ ಅಸ್ಪಷ್ಟವಾಯಿತು ಎನ್ನುವವರಿದ್ದಾರೆ. ನಮಗೆ ಅದೇ ಸರಿಯೆನಿಸಿತು.

ಪುಸ್ತಕದ ಹೆಸರು ಯಾವ ಭಾಷೆಯ ಮಾತೂ ಅಲ್ಲ. ಬಿಡಿಸಲಾಗದ ಸಿಕ್ಕಿಗೆ ಅನಿತಾಳ ತವರಿನವರು ಇಟ್ಟುಕೊಂಡ ಮನೆಮಾತು. ಕನ್ನಡ, ಮರಾಠಿ, ದಖನಿ ಬೆರೆತ ಗಡಿಯ ಮನೆಗಳಲ್ಲಿ ಇಂಥ ಮಾತುಗಳಿಗೆ ಬರವೇ?

ಶಾನಭಾಗರದೇ ‘ಸಕೀನಾಳ ಮುತ್ತು’ (2021) ಇದರ ಮುಂದಿನ ಪಾಠದಂತಿದೆ. ತಾನು ಉದಾರ ಮನಸ್ಸಿನವನು ಎಂದು ನಂಬಿದ ವೆಂಕಟನಿಗೆ ಹೆಂಡತಿ ವಿಜಿಯೂ ಅರ್ಥವಾಗಿಲ್ಲ, ಮಗಳು ರೇಖಾಳೂ ಅರ್ಥವಾಗಿಲ್ಲ. ಬದುಕು ಸುಧಾರಿಸುವ ಪುಸ್ತಕಗಳನ್ನು ಓದುತ್ತಾ, ಮನೆಯೊಳಗಿನ ಮನುಷ್ಯರನ್ನೇ ಓದಲಾರದವನು. ಮೊದಲಿನದಕ್ಕಿಂತ ನಿಧಾನವಾಗಿ ಸಾಗುವುದರಿಂದ ತಾಳ್ಮೆ ಬೇಕು. ಬೆಳೆದ ಹೆಣ್ಣುಮಕ್ಕಳಿರುವ ತಂದೆಯರು ಓದಲೇಬೇಕು.

ಅಣಕಿಸುವುದು ಸರಿಯೇ?

ಪರರನ್ನು ಅಣಕಿಸುವ ಪುಸ್ತಕ ಮನೆಯಲ್ಲಿ ಏಕೆ ಎಂದು ಹಿರಿಯರು ಕೇಳಬಹುದು. ‘ಮೂರ್ಖತನದ ಸ್ತುತಿ’ ಎಂಬ ವಿಡಂಬನೆಯನ್ನು 1511ರಲ್ಲಿ ಪ್ರಕಟಿಸಿದ ಎರಾಸ್ಮಸ್ ಸ್ವತಃ ಗುರುಗಳು. ಅದರಲ್ಲಿ ಅವರು ತಮ್ಮ ಕಾಲದ ಗುರುಗಳನ್ನೂ ಪಂಡಿತರನ್ನೂ ಬಿಡಲಿಲ್ಲ. ಆ ಪುಸ್ತಕವನ್ನು ಅರ್ಪಿಸಿದ್ದು ಗೆಳೆಯ ಥಾಮಸ್ ಮೋರ್ ಅವರಿಗೆ. ಆ ಮೋರ್ ಅವರನ್ನೇ ಧರ್ಮಸಭೆ 1935ರಲ್ಲಿ ಸಂತರೆಂದು ಘೋಷಿಸಿತು. ನಮ್ಮ ನೆಲದಲ್ಲೂ ಇದು ಹೊಸದಲ್ಲ. ಉಮರ್ಗಾದ ನೆರೆಯ ಬಸವಕಲ್ಯಾಣದಲ್ಲಿ 12ನೆಯ ಶತಮಾನದ ಶರಣರು ತೋರಿಕೆಯ ಭಕ್ತಿಯನ್ನು ವಚನಗಳಲ್ಲಿ ಲೇವಡಿ ಮಾಡಿದರು. ಮರಾಠಿಯಲ್ಲಿ ಸಂತ ಏಕನಾಥರು ಭಾರೂಡಗಳಲ್ಲಿ ನಗಿಸುತ್ತಲೇ ಬುದ್ಧಿ ಹೇಳಿದರು. ಬಲಹೀನರನ್ನು ನೋಡಿ ನಗುವುದು ಕ್ರೌರ್ಯ. ಬಲವುಳ್ಳವರನ್ನೂ ಅದರ ಜೊತೆಗೆ ತನ್ನನ್ನೂ ನೋಡಿ ನಗುವುದು ಆತ್ಮಪರೀಕ್ಷೆಯ ಮೊದಲ ಹೆಜ್ಜೆ.

ಒಂದು ಸಲಹೆ

ಅಕ್ಷರ ಬಾರದ ಮಕ್ಕಳಿಗೂ ಕಿವಿಯಿದೆ. ಮನೆಯಲ್ಲಿ ಕನ್ನಡ ಓದಬಲ್ಲವರು ಒಬ್ಬರಿದ್ದರೂ ಸಾಕು. ರಾತ್ರಿ ಊಟದ ನಂತರ ಟಿ.ವಿ., ಮೊಬೈಲ್ ಬದಿಗಿಟ್ಟು ನಾಲ್ಕು ಪುಟ ಗಟ್ಟಿಯಾಗಿ ಓದಲಿ. ‘ಘಾಚರ್ ಘೋಚರ್’ ದೊಡ್ಡವರಿಗಿರಲಿ, ಬೆಳೆದ ಮಕ್ಕಳೊಂದಿಗೆ ‘ಚಿದಂಬರ ರಹಸ್ಯ’ದಿಂದ ತೊಡಗಬಹುದು. ಪುಸ್ತಕ ಹತ್ತಿರ ಸಿಗದಿದ್ದರೆ ಬೀದರಕ್ಕೋ ಕಲಬುರಗಿಗೋ ಹೋಗಿಬರುವವರ ಕೈಯಲ್ಲಿ ತರಿಸಿಕೊಳ್ಳಿ. ಒಂದು ಕಡೆ ಮಗು ನಕ್ಕರೆ, ಮುಂದೇನಾಯಿತು ಎಂದು ಕೇಳುತ್ತದೆ. ಆಗ ಪುಸ್ತಕವನ್ನು ಅದರ ಕೈಗೆ ಕೊಟ್ಟು ಮೊದಲ ಅಕ್ಷರ ತೋರಿಸಿ. ಕನ್ನಡ ಕಲಿಯಲು ಇದಕ್ಕಿಂತ ಒಳ್ಳೆಯ ಹಟ ಇನ್ನೊಂದಿಲ್ಲ.